ಇಪ್ಪತ್ತಾರನೆಯ ತಟ್ಟೆ

ಬೇವಿನವಾಡಿಯ ಸರ್ಕಾರಿ ಶಾಲೆಯ ಅಡುಗೆಮನೆಯಿಂದ ಜಗಳ ಕೇಳಿಸದಿದ್ದರೆ ಆ ದಿನ ಶಾಲೆಗೆ ರಜೆ ಎಂದು ಊರವರು ತಿಳಿದುಕೊಳ್ಳುತ್ತಿದ್ದರು. ಒಳಗೆ ಇದ್ದವರು ಇಬ್ಬರೇ, ಚಂದಮ್ಮ ಮತ್ತು ವಜೀರಬಿ. ಊರಿನಲ್ಲಿ ಬಿಸಿಯೂಟ ಶುರುವಾದ ದಿನವೇ ಇಬ್ಬರೂ ಒಂದೇ ಒಲೆಯ ಮುಂದೆ ಕೂತವರು. ಬೇಳೆಗೆ ಉಪ್ಪು ಹೆಚ್ಚಾದರೆ ತಪ್ಪು ವಜೀರಬಿಯದು, ಅನ್ನ ತಳ ಹಿಡಿದರೆ ತಪ್ಪು ಚಂದಮ್ಮನದು, ಎರಡೂ ಚೆನ್ನಾಗಿದ್ದರೆ ಅದು ನನ್ನ ಕೈ ಗುಣ ಎಂದು ಇಬ್ಬರೂ ಹೇಳುತ್ತಿದ್ದರು. ಚಂದಮ್ಮ ಅವಳನ್ನು ‘ಆಪಾ’ ಎಂದು ಕರೆಯುವಳು, ಅವಳು ಇವಳನ್ನು ‘ಅಕ್ಕಾ’ ಎನ್ನುವಳು. ಅದೇನು ಪ್ರೀತಿಗಲ್ಲ. ವಯಸ್ಸಾದವಳು ನೀನು, ನಾನಲ್ಲ ಎಂದು ಗಳಿಗೆಗೊಮ್ಮೆ ನೆನಪು ಮಾಡಿಕೊಡಲಿಕ್ಕೆ.

ದೀಪಾವಳಿ ಮುಗಿದ ವಾರ ಹೆಡ್ ಮಾಸ್ತರ ಜಲಾಲುದ್ದೀನ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಮಾತಾಡುವುದಕ್ಕೆ ಮುಂಚೆ ಕನ್ನಡಕ ಒರೆಸಿದರೆ ಸುದ್ದಿ ಒಳ್ಳೆಯದಲ್ಲ ಎಂದೇ ಅರ್ಥ.

"ತಾಲೂಕಿನ ಸಾಹೇಬ್ರು ಮುಂದಿನ ತಿಂಗಳು ಊಟದ ಹೊತ್ತಿಗೆ ಬಂದು ತಲಿ ಎಣಸ್ತಾರಂತ. ಇಪ್ಪತ್ತೈದು ಹುಡುಗರ ತನಾ ಅಡಗಿಗಿ ಒಬ್ಬಾಕಿ. ಇಪ್ಪತ್ತಾರಾದ್ರ ಇಬ್ಬರು. ಹಿಂಗ ಅದ ನೋಡ್ರಿ ಕಾನೂನು."

"ನಮ್ಮಲ್ಲಿ ಎಷ್ಟ ಅದಾವ್ರಿ ಮಾಸ್ತರ?" ವಜೀರಬಿ ಸೌಟು ಕೆಳಗಿಡದೆ ಕೇಳಿದಳು.

"ಹಾಜರಿ ಪುಸ್ತಕದಾಗ ಇಪ್ಪತ್ತಾರು. ಆದ್ರ ಆ ಕುರಿ ಅಮೋಘಸಿದ್ದಪ್ಪನ ಮಗಳು ಸಾಕ್ಷಿ ಅದಾಳಲ್ಲ, ಇನ್ನ ನಾಕ ದಿನಕ್ಕ ಅಪ್ಪನ ಕುರಿ ಹಿಂದ ಹೊಂಟು ಹೋಗ್ತಾಳ. ವರ್ಷಾ ಹಂಗೇ. ಪುಸ್ತಕದಾಗ ಹೆಸರಿದ್ರ ಸಾಹೇಬ್ರು ಕೇಳಂಗಿಲ್ಲ, ತಟ್ಟಿ ಮುಂದ ಕುಂತ ಹುಡುಗಿ ಬೇಕು."

ಹಿಂದೆ ಈ ಶಾಲೆಯಲ್ಲಿ ಕೂರಲು ಜಾಗ ಸಾಲದೆ ಹುಡುಗರು ಬೇವಿನ ಗಿಡದ ಬುಡದಲ್ಲಿ ಕೂತದ್ದುಂಟು. ಈಗ ಬೆಳಗಾದರೆ ಹುಮನಾಬಾದಿನಿಂದ ಹಳದಿ ವ್ಯಾನು ಬಂದು, ಇಂಗ್ಲಿಷ್ ಶಾಲೆಯ ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಮರಾಠಿ ಮನೆಯ ಮಕ್ಕಳು ಗಡಿಯಾಚೆ ಅಜ್ಜಿಯ ಊರಿನಲ್ಲಿ ಓದುತ್ತಾರೆ. ಮುಸಲ್ಮಾನರ ಓಣಿಯ ಮಕ್ಕಳು ಅರ್ಧದಷ್ಟು ಮಂಠಾಳದ ಉರ್ದು ಶಾಲೆಗೆ. ಮಕ್ಕಳು ಇಳಿದಂತೆ ಉಳಿದದ್ದೂ ಇಳಿಯಿತು. ಮೊದಲು ಒಬ್ಬ ಮಾಸ್ತರನ್ನು ಹೆಚ್ಚುವರಿ ಎಂದು ಎತ್ತಿಕೊಂಡು ಹೋದರು, ಅವರ ಜಾಗಕ್ಕೆ ಅತಿಥಿ ಶಿಕ್ಷಕಿ ಎಂದು ಪೂನಂ ಬಂದಳು. ಆಮೇಲೆ ಶಾಲೆಯ ಅನುದಾನ ಇಳಿಯಿತು. ಬಳಪಕ್ಕೆ ಸಾಲುತ್ತಿತ್ತು, ಬಣ್ಣಕ್ಕೆ ಸಾಲುತ್ತಿರಲಿಲ್ಲ. ಈಗ ಸೌಟಿನ ಸರದಿ ಬಂದಿತ್ತು.

"ಒಬ್ಬರನ ಬಿಡಬೇಕಂದ್ರ ಯಾರನ ಬಿಡ್ಲಿ? ಸೇರಿದ್ದು ಒಂದೇ ದಿನ," ಎಂದರು ಮಾಸ್ತರು. "ನಿಮ್ಮಿಬ್ಬರಾಗ ದೊಡ್ಡಾಕಿ ಯಾರು?"

ಇಬ್ಬರೂ ಒಟ್ಟಿಗೆ ಕೈಯೆತ್ತಿ ಒಬ್ಬರನ್ನೊಬ್ಬರು ತೋರಿಸಿದರು.

"ಹಂಗಿದ್ರ ಸಣ್ಣಾಕಿ ಮನಿಗಿ ಹೋಗಬೇಕಾಗ್ತದ."

ಎರಡೂ ಕೈಗಳು ಮೆಲ್ಲಗೆ ಕೆಳಗೆ ಬಂದವು. ಒಲೆಯ ಮೇಲಿನ ಬೇಳೆ ಉಕ್ಕಿತು. ಇಬ್ಬರೂ ಅದನ್ನು ನೋಡಿದರು. ಯಾರದು ತಪ್ಪು ಎಂದು ಆ ದಿನ ಯಾರೂ ಹೇಳಲಿಲ್ಲ. ಮಾಸ್ತರಿಗೆ ಅದೇ ಹೆದರಿಕೆಯಾಗಿ, ಮತ್ತೆ ಕನ್ನಡಕ ಒರೆಸುತ್ತ ಹೊರಟುಹೋದರು.

ಸಂಜೆ ಚಂದಮ್ಮ ಲೆಕ್ಕ ಹಾಕುತ್ತ ಮನೆಯ ದಾರಿ ಹಿಡಿದಳು. ವಜೀರಬಿಗೆ ತನ್ನ ಕೈಗೆ ಎಂದು ಬರುವ ದುಡ್ಡು ಇದೊಂದೇ. ಮಗ ಒಳ್ಳೆಯವನು, ಆದರೆ ಸೊಸೆಯ ಮುಂದೆ ಕೈ ಚಾಚಿ ಎಲೆ ಅಡಿಕೆಗೆ ಕೇಳುವ ಹೆಂಗಸಲ್ಲ ಅವಳು. ಇನ್ನು ಅವಳು ಉಳಿದು ತಾನು ಹೋದರೆ? ಮನೆಯಲ್ಲಿ ಕೂತು ಗೋಡೆಯ ಜೊತೆ ಜಗಳ ಮಾಡಬೇಕು. ಅವಳು ಹೋಗಿ ತಾನು ಉಳಿದರೆ ಅದು ಇನ್ನೂ ಕೆಟ್ಟದ್ದು. ಅನ್ನ ಬೇಯಿಸುವ ಶಾಲೆಯ ದೊಡ್ಡ ಬೋಗಾಣಿಗೆ ಎರಡು ಕಿವಿ, ಒಬ್ಬಳೇ ಎತ್ತುವಂಥದ್ದಲ್ಲ ಅದು. ಅದಕ್ಕಿಂತ ಮುಖ್ಯ, ಉಪ್ಪು ಹೆಚ್ಚಾದರೆ ಯಾರನ್ನು ಬಯ್ಯುವುದು?

"ಒಂದು ಪೋರಿ," ಎಂದು ಅವಳು ತನಗೆ ತಾನೇ ಹೇಳಿಕೊಂಡಳು. "ಒಂದೇ ಒಂದು ಪೋರಿ ನಿಂತ್ರ ಸಾಕಲ್ಲ." ಮನೆಯ ದಾರಿ ಬಿಟ್ಟು ಹಳ್ಳದ ಕಡೆಗೆ ತಿರುಗಿದಳು.

ಹಳ್ಳದ ದಂಡೆಯಲ್ಲಿ ಅಮೋಘಸಿದ್ದಪ್ಪ ಕುರಿಗಳಿಗೆ ಸುತ್ತ ಬಲೆ ಕಟ್ಟುತ್ತಿದ್ದ. ಚಂದಮ್ಮನನ್ನು ನೋಡಿ ಹಲ್ಲು ಬಿಟ್ಟ.

"ನೀವೂ ಬಂದ್ರ್ಯಾ ಕಾಕಿ?"

ನೀವೂ ಎಂದರೆ ಮತ್ಯಾರು ಎಂದು ಚಂದಮ್ಮ ಕೇಳಲಿಲ್ಲ. ಅವಳ ತಲೆ ತನ್ನದೇ ಮಾತಿನಿಂದ ತುಂಬಿತ್ತು.

"ಸಾಕ್ಷಿನ ಇಲ್ಲೇ ಬಿಟ್ಟು ಹೋಗಪ್ಪಾ. ನನ್ನ ಮನ್ಯಾಗ ಇರ್ತಾಳ."

"ಹ್ಯಾಂಗ ಬಿಡ್ಲಿ? ಸಣ್ಣ ಮರಿ ಎಲ್ಲಾ ನೋಡಾಕಿ ಅಕಿನೇ. ಅಕಿ ಅವ್ವ ರೊಟ್ಟಿ ಬಡೀಬೇಕೋ, ಮರಿ ಕಾಯಬೇಕೋ?"

"ಹಂಗಾದ್ರ ನೀನೇ ಇಲ್ಲಿ ನಿಂದ್ರು."

"ಕುರಿ ಹೊಟ್ಟಿಗಿ ಶಾಲಿ ತಿಳಿಯಂಗಿಲ್ಲ ಕಾಕಿ. ಹುಲಸೂರ ಆಚೆ ನದಿ ಕಡೆ ಮಂದಿ ಕರದು ಹೊಲದಾಗ ಕುರಿ ತರುಬಿಸ್ಕೋತಾರ, ಜೋಳಾ ಕೊಡ್ತಾರ, ಊಟಾ ಹಾಕ್ತಾರ. ಇಲ್ಲಿ ಯಾರ ಕರೀತಾರ? ನಿಮ್ಮೂರಾಗ ಎಲ್ಲಾ ಅಂಗಡಿ ಗೊಬ್ಬರದ ಚೀಲದ ಮಂದಿ. ಕರದ್ರ ನಾ ಯಾಕ ಹೋಗ್ಲಿ?"

ಕುರಿ ತರುಬುವುದೆಂದರೆ, ಬೆಳೆ ಕೊಯ್ದ ಖಾಲಿ ಹೊಲದಲ್ಲಿ ರಾತ್ರಿ ಹಿಂಡನ್ನು ಬಲೆಯೊಳಗೆ ಕೂಡಿಹಾಕುವುದು. ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಹಿಕ್ಕೆ, ಗಂಜಲ ಎರಡೂ ಬೀಳುತ್ತವೆ. ಮರುದಿನ ರಾತ್ರಿ ಬಲೆ ಪಕ್ಕದ ತುಂಡಿಗೆ. ಹೀಗೆ ದೊಡ್ಡ ಹೊಲವಾದರೆ ಹಿಂಡು ಊರಲ್ಲೇ ಎಷ್ಟೋ ದಿನ ನಿಲ್ಲುತ್ತದೆ. ಚಂದಮ್ಮನದು ಅಂಗೈಯಗಲದ ಹೊಲ, ಒಂದೇ ರಾತ್ರಿಗೆ ಮುಗಿಯುವಂಥದ್ದು. ದೊಡ್ಡ ಹೊಲ ಇದ್ದದ್ದು ಊರಲ್ಲಿ ಎರಡೇ ಮನೆಗೆ, ದೇವಿದಾಸ ಮತ್ತು ಅಶೋಕಕುಮಾರ.

ಆ ಇಬ್ಬರೂ ಅಣ್ಣ ತಮ್ಮಂದಿರ ಮಕ್ಕಳು. ಹೊಲಗಳ ನಡುವೆ ಒಂದು ಬದು, ಮನಸ್ಸುಗಳ ನಡುವೆ ಒಂದು ಗುಡ್ಡ. ದೇವಿದಾಸ ಬೋರು ಹೊಡೆಸಿದರೆ ಅಶೋಕಕುಮಾರ ಅದಕ್ಕಿಂತ ಆಳಕ್ಕೆ ಹೊಡೆಸುವನು. ಪಂಚಾಯಿತಿ ಚುನಾವಣೆಯಲ್ಲಿ ದೇವಿದಾಸ ಗೆದ್ದು ಮೆಂಬರ ಆದ ದಿನ ಅಶೋಕಕುಮಾರನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅಶೋಕಕುಮಾರ ಮೊಮ್ಮಗನನ್ನು ಹಳದಿ ವ್ಯಾನು ಹತ್ತಿಸಿದ. ಮರುವಾರವೇ ದೇವಿದಾಸ ತನ್ನ ಮನೆಯ ಮೂರೂ ಮಕ್ಕಳನ್ನು ಹತ್ತಿಸಿದ. ಅವರ ಹಟದಿಂದ ಶಾಲೆ ಕಳೆದುಕೊಂಡದ್ದು ನಾಲ್ಕು ಮಕ್ಕಳನ್ನು. ಅದೇ ಹಟದಿಂದ ಒಂದನ್ನಾದರೂ ವಾಪಸು ತೆಗೆದರೆ ಪಾಪವೇನೂ ಅಲ್ಲ ಎಂದು ಚಂದಮ್ಮ ರಾತ್ರಿ ರೊಟ್ಟಿ ತಟ್ಟುವಾಗ ತೀರ್ಮಾನಕ್ಕೆ ಬಂದಳು.

ಮರುದಿನ ವಜೀರಬಿ ತಡವಾಗಿ ಬಂದಳು. ಸೆರಗಿನ ಅಂಚಿಗೆ ಜಾಲಿ ಮುಳ್ಳು ಸಿಕ್ಕಿಕೊಂಡಿತ್ತು.

"ಎಲ್ಲಿ ಹಾಯ್ದು ಬಂದಿ ಆಪಾ, ಅಡವ್ಯಾಗ?"

"ನಿನಗ್ಯಾಕ ಅಕ್ಕಾ? ನೀರು ತುಂಬಿಟ್ಟೀಯೋ, ಖಾಲಿ ಮಾತೇ ತುಂಬೀಯೋ?"

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಚಂದಮ್ಮ ನೇರ ದೇವಿದಾಸನ ಅಂಗಳಕ್ಕೆ ಹೋದಳು. ಅವನು ಮಂಚದ ಮೇಲೆ ಕೂತು ಫೋನು ನೋಡುತ್ತಿದ್ದ. ಅವಳು ನೆಲದ ಮೇಲೆ ಕೂತು, ಸೆರಗಿನಿಂದ ಗಾಳಿ ಬೀಸಿಕೊಂಡು, ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ಏನಾತು ಕಾಕಿ?"

"ಏನಿಲ್ಲಪ್ಪಾ ಮೆಂಬರ್ರ. ನನ್ನ ತುಂಡು ಹೊಲದಾಗ ಒಂದು ರಾತ್ರಿ ಅಮೋಘಸಿದ್ದಪ್ಪನ ಕುರಿ ತರುಬಿಸ್ಬೇಕಂತ ಆಸಿ ಇತ್ತು. ಬಡವರ ಆಸಿ. ಎಲ್ಲಿ ಆಗ್ತದ ಬಿಡು."

"ಯಾಕ? ಕುರಿ ಏನ ಮುನಿಸ್ಕೊಂಡಾವೇನು?"

"ದೊಡ್ಡವರು ಕಣ್ಣಿಟ್ಟಿದ್ರ ನಮ್ಮ ಪಾಳಿ ಎಲ್ಲಿ ಬರ್ತದ? ಮುಂದಿನ ವರ್ಷ ಯಾರೋ ಒಬ್ಬರ ತೊಗರಿ ಬದುವಿನ ಮ್ಯಾಲಿಂದ ಹಣಿಕಿ ಹಾಕ್ತದ ನೋಡು."

ದೇವಿದಾಸ ಫೋನು ಕೆಳಗಿಟ್ಟ. "ಯಾವ ಬದುವಿನ ಮ್ಯಾಲಿಂದ?"

"ನಾ ಹೆಸರು ತಗೊಳ್ಳಂಗಿಲ್ಲಪ್ಪಾ. ತಗೊಂಡ್ರ ನೀ ಸಿಟ್ಟಿಗೇಳ್ತಿ. ನಂಗ್ಯಾಕ ಮಂದಿ ಮನಿ ಮಾತು?"

ದೇವಿದಾಸ ಸಿಟ್ಟಿಗೆದ್ದೇ ಬಿಟ್ಟ. ಚಪ್ಪಲಿ ಹುಡುಕುತ್ತ, "ಅಂವ ಎಷ್ಟು ಜೋಳಾ ಕೊಡ್ತಾನಂತ? ಅದರ ಮ್ಯಾಲೆ ನಾ ಕೊಡ್ತೀನಿ! ಹೇಳು ಅಮೋಘಸಿದ್ದಪ್ಪಗ, ಇವತ್ತ ರಾತ್ರಿನೇ ನನ್ನ ಹೊಲದಾಗ ಬಲಿ ಕಟ್ಟು ಅಂತ!" ಎಂದು ಕೂಗಿದ. ಒಳಗಿನಿಂದ ಮಜ್ಜಿಗೆ ಬಂತು. ಚಂದಮ್ಮ ಅವಸರ ಮಾಡದೆ ಪೂರ್ತಿ ಕುಡಿದಳು.

ಆದರೆ ಒಬ್ಬನೇ ಕರೆದರೆ ಆಟ ಬೇಗ ಮುಗಿಯುತ್ತದೆ. ಹೊಲ ತುಂಬಿದ ಮೇಲೆ ‘ಸಾಕು, ಹೋಗು’ ಎಂದಾನು. ಆದ್ದರಿಂದ ಅವಳು ಬದು ದಾಟಿ ಅಶೋಕಕುಮಾರನ ಹೊಲದ ಕಡೆ ನಡೆದಳು. ಅವನ ಹೊಲಕ್ಕೆ ಸುತ್ತ ಜಾಲಿ ಮುಳ್ಳಿನ ಬೇಲಿ. ಹಾಯುವಾಗ ಅವಳ ಸೀರೆಗೂ ಎರಡು ಮುಳ್ಳು ಸಿಕ್ಕಿದವು. ದಾರಿಯುದ್ದಕ್ಕೂ ನಿಟ್ಟುಸಿರನ್ನು ಮತ್ತೊಮ್ಮೆ ರೂಢಿ ಮಾಡಿಕೊಂಡಳು. ನಿಟ್ಟುಸಿರು ಬಿಡುವ ಮೊದಲೇ ಅಶೋಕಕುಮಾರ ಎದುರಿಗೆ ಧಾವಿಸಿ ಬಂದ.

"ಗೊತ್ತಾತು, ಗೊತ್ತಾತು! ಆ ಮೆಂಬರ ಕುರಿ ಹಿಂಡು ಹಿಡದಾನಂತಲ್ಲ! ಮುಂಜಾನಿನೇ ಗೊತ್ತಾಗ್ಯದ ನಂಗ. ಅಮೋಘಸಿದ್ದಪ್ಪಗ ಹೇಳಿ ಕಳಸೀನಿ, ಅವನ ಹೊಲಾ ಮುಗದ ಮರುದಿನಾ ನನ್ನ ಹೊಲಾ ಅಂತ. ಊಟಕ್ಕ ತುಪ್ಪಾನೂ ಹಾಕ್ತೀನಿ ಅಂದೀನಿ!"

ಚಂದಮ್ಮ ರೂಢಿ ಮಾಡಿಕೊಂಡ ನಿಟ್ಟುಸಿರು ದಂಡವಾಯಿತು. ದೇವಿದಾಸನಿಗೇ ಈಗ ತಾನೇ ಗೊತ್ತಾದ ಸುದ್ದಿ ಇವನಿಗೆ ಬೆಳಿಗ್ಗೆಯೇ ಹೇಗೆ ಗೊತ್ತಾಯಿತು? ಯೋಚಿಸಿ ಬಗೆಹರಿಯದೆ, ನಮ್ಮೂರಲ್ಲಿ ಸುದ್ದಿ ಹುಟ್ಟುವ ಮೊದಲೇ ಓಡಾಡುತ್ತದೆ ಎಂದುಕೊಂಡು ಮನೆಯ ದಾರಿ ಹಿಡಿದಳು.

ಆಮೇಲಿನದು ಊರಿಗೇ ತಮಾಷೆಯಾಯಿತು. ದೇವಿದಾಸ ಜೋಳದ ಜೊತೆ ಬೆಲ್ಲ ಕೊಟ್ಟ. ಅಶೋಕಕುಮಾರ ಬೆಲ್ಲದ ಜೊತೆ ಶೇಂಗಾ ಕೊಟ್ಟ. ಇವನ ಹೊಲದ ಒಂದು ತುಂಡು ಮುಗಿದರೆ ಅವನ ಹೊಲದ ಒಂದು ತುಂಡು, ಮತ್ತೆ ಇವನದು. ಅಮೋಘಸಿದ್ದಪ್ಪನಿಗೆ ಇಂಥ ಮರ್ಯಾದೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅವನು ಮೀಸೆ ತಿರುವುತ್ತ, "ಅಂವ ಹೆಚ್ಚು ಕೊಡ್ತಾನಂತರಿ" ಎಂದು ಎರಡೂ ಕಡೆ ಹೇಳುವುದನ್ನು ಬೇಗ ಕಲಿತ. ಒಂದು ಸಂಜೆ ಹಿಂಡು ಶಾಲೆಯ ಮುಂದೆ ಹಾಯುವಾಗ ಪೂನಂ ಟೀಚರ್ ಬೆಳೆಸಿದ ಮೆಂತೆ ಪಲ್ಯದ ಮಡಿಯನ್ನೆಲ್ಲ ತಿಂದು ಹೋಯಿತು. ಪೂನಂ ಅಳುಮುಖ ಮಾಡಿದಾಗ ಚಂದಮ್ಮ, "ತಿಂದ್ರ ತಿನ್ಲಿ ಬಿಡವ್ವಾ, ಅವುನೂ ನಮ್ಮ ಶಾಲಿವೇ" ಎಂದಳು. ವಜೀರಬಿ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

ಸಾಕ್ಷಿ ದಿನಾ ಶಾಲೆಗೆ ಬಂದಳು, ಉಂಡಳು, ಮಗ್ಗಿ ಕಲಿತಳು.

ತಾಲೂಕಿನ ಸಾಹೇಬರು ಬರುವ ದಿನ ಮಾತ್ರ ಬರಲಿಲ್ಲ.

ಚಂದಮ್ಮ ಒಲೆಯ ಮೇಲೆ ಅನ್ನ ಬಿಟ್ಟು ಓಡಿದಳು. ಹಿಂಡು ದೇವಿದಾಸನ ಹೊಲದಲ್ಲಿತ್ತು. ಸಾಕ್ಷಿ ಎರಡು ಎಳೆಯ ಮರಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಮುಂಜಾನೆ ಹುಟ್ಟ್ಯಾವ ಆಯಿ. ತಾಯಿ ಹತ್ರ ಬಿಟ್ಕೊಳ್ಳವಲ್ದು. ಬಾಟಲಿ ಹಾಲು ಕುಡಿಸ್ಬೇಕು. ಬಿಟ್ಟು ಬಂದ್ರ ಅಪ್ಪ ಬಡೀತಾನ."

"ಬಿಟ್ಟು ಬಾ ಅಂತ ಯಾರಂದ್ರು? ತಗೊಂಡೇ ಬಾ."

ಹೀಗೆ ಸಾಹೇಬರ ಬೈಕು ಶಾಲೆಯ ಗೇಟಿಗೆ ಬರುವ ಹೊತ್ತಿಗೆ, ಅಕ್ಕಿ ಇಡುವ ಕೋಣೆಯೊಳಗೆ ಎರಡು ಮರಿಗಳು ಖಾಲಿ ಚೀಲದ ಮೇಲೆ ಮಲಗಿದ್ದವು. ಸಾಹೇಬರು ಚಿಕ್ಕ ವಯಸ್ಸಿನವರು. ಮುಖಕ್ಕಿಂತ ಹೆಚ್ಚು ಫೋನನ್ನೇ ನೋಡುವವರು. ಪಂಚಾಯಿತಿ ಮೆಂಬರ ಎಂದು ದೇವಿದಾಸ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ದೇವಿದಾಸ ಬಂದಿದ್ದಾನೆಂದು ಅಶೋಕಕುಮಾರನೂ ಬಂದು ವರಾಂಡದ ಇನ್ನೊಂದು ತುದಿಯಲ್ಲಿ ನಿಂತಿದ್ದ. ಮಕ್ಕಳು ಸಾಲಾಗಿ ಕೂತಿದ್ದರು, ಕೊನೆಯ ತಟ್ಟೆಯ ಮುಂದೆ ಸಾಕ್ಷಿ. ಚಂದಮ್ಮ ಅನ್ನ ಬಡಿಸುತ್ತ ಕಣ್ಣಲ್ಲೇ ಎಣಿಸಿ, ಒಳಗೊಳಗೇ ಕುಣಿದಳು.

ಸಾಹೇಬರು ಬೆರಳು ತೋರಿಸುತ್ತ ಎಣಿಸಲು ಶುರು ಮಾಡಿದರು. ಆಗಲೇ ಒಳಗಿನಿಂದ ‘ಬ್ಯಾ’ ಎಂದಿತು.

ಸಾಹೇಬರ ಬೆರಳು ನಿಂತಿತು. "ಏನದು?"

"ಬಾಗಿಲದ ಕೀಲು ರೀ ಸಾಹೇಬ," ಎಂದಳು ವಜೀರಬಿ ಕಣ್ಣು ಮಿಟುಕಿಸದೆ.

"ನಿನ್ನೇನೇ ಎಣ್ಣಿ ಹಾಕು ಅಂದಿಲ್ಲಾ ಆಪಾ?" ಚಂದಮ್ಮ ಗದರಿದಳು. "ಯಾವ ಕೆಲಸಾ ಹೇಳಿದ್ರೂ ಹಿಂಗೇ ನೋಡ್ರಿ ಇಕಿ!"

"ಎಣ್ಣಿ ಎಲ್ಲಾ ನೀನೇ ಒಗ್ಗರಣಿಗಿ ಸುರದ್ರ ಕೀಲಿಗೆಲ್ಲಿ ಉಳೀತದ ಅಕ್ಕಾ?"

"ಬಾಗಿಲಾ ಯಾರೂ ತೆಗದೇ ಇಲ್ಲಲ್ಲ," ಎಂದರು ಸಾಹೇಬರು.

"ಗಾಳಿ ರೀ," ಎಂದರು ಇಬ್ಬರೂ. ಹೊರಗೆ ಬೇವಿನ ಗಿಡದ ಒಂದೆಲೆಯೂ ಅಲುಗುತ್ತಿರಲಿಲ್ಲ. ಒಳಗೆ ಕೀಲು ಮತ್ತೊಮ್ಮೆ ‘ಬ್ಯಾ’ ಎಂದಿತು, ಈ ಸಲ ಎರಡು ದನಿಯಲ್ಲಿ. ವಜೀರಬಿಗೆ ಕೆಮ್ಮು ಹತ್ತಿತು. ಮಾಸ್ತರು ಕನ್ನಡಕ ಒರೆಸಿದರು. ಸಾಹೇಬರು ತಲೆ ಕೊಡವಿ ಎಣಿಕೆ ಮುಂದುವರಿಸಿದರು. ಸಾಲಿನ ಕೊನೆ ತಲುಪಿದಾಗ ಅಲ್ಲಿ ಅರ್ಧ ಉಂಡ ತಟ್ಟೆಯಿತ್ತು, ಹುಡುಗಿ ಇರಲಿಲ್ಲ. ಮರಿಗಳ ಕೂಗು ಕೇಳಿ ಸಾಕ್ಷಿ ಯಾವಾಗಲೋ ಎದ್ದು ಹೋಗಿದ್ದಳು.

"ಇಪ್ಪತ್ತೈದು," ಎಂದರು ಸಾಹೇಬರು.

ಚಂದಮ್ಮನ ಕೈಯಲ್ಲಿದ್ದ ಸೌಟು ಬೋಗಾಣಿಯೊಳಗೆ ಬಿತ್ತು. ಅವಳು ವಜೀರಬಿಯ ಕಡೆ ನೋಡಿದಳು. ವಜೀರಬಿಯ ಕೆಮ್ಮು ನಿಂತುಹೋಗಿತ್ತು. ಇಷ್ಟು ವರ್ಷದಲ್ಲಿ ಅವಳ ಮುಖದ ಮೇಲೆ ಹೆದರಿಕೆಯನ್ನು ಚಂದಮ್ಮ ನೋಡಿದ್ದು ಅದೇ ಮೊದಲು.

ಆಗ ಅಕ್ಕಿ ಕೋಣೆಯ ಬಾಗಿಲು, ಕೀಲಿನ ಒಂದು ಸದ್ದೂ ಇಲ್ಲದೆ, ಮೆತ್ತಗೆ ತೆರೆಯಿತು. ಸಾಕ್ಷಿ ಎರಡೂ ಕಂಕುಳಲ್ಲಿ ಎರಡು ಮರಿ ಹಿಡಿದು ಬಂದು, ತನ್ನ ತಟ್ಟೆಯ ಮುಂದೆ ಕೂತು, ಅವನ್ನು ತೊಡೆಯ ಮೇಲಿಟ್ಟು, ಏನೂ ಆಗದವಳಂತೆ ಅನ್ನ ಕಲಸತೊಡಗಿದಳು.

"ಇದೇನು?" ಎಂದರು ಸಾಹೇಬರು.

"ಮರಿ ರೀ. ಹಸದಿದ್ವು."

"ಅದು ಕಾಣಸ್ತದ. ನೀ ಯಾರ ಮಗಳು? ಕುರಿಯೋರು ಈ ದಿನದಾಗ ಊರಾಗ ಇರಂಗಿಲ್ಲ. ಇವತ್ತ ಎಣಸಾಕತ್ತಾರಂತ ನಿನ್ನ ಹಿಡಕೊಂಡು ಬಂದಾರೇನು?"

ಸಾಕ್ಷಿ ತುತ್ತು ನುಂಗಿ, ಸುಳ್ಳು ಹೇಳುವ ಅಗತ್ಯವೇ ಗೊತ್ತಿಲ್ಲದ ದನಿಯಲ್ಲಿ ಹೇಳಿದಳು. "ಇಲ್ರೀ ಸರ್. ದಿನಾ ಬರ್ತೀನಿ. ಈ ಮುತ್ಯಾ, ಆ ಮುತ್ಯಾ ನಮ್ಮ ಕುರಿ ಸಲವಾಗಿ ಜಗಳ ಆಡಾಕತ್ತಾರಲ್ರಿ, ಅದಕ್ಕ ನಾವು ಹೋಗಿಲ್ಲ. ಅವರು ಬುದ್ಧಿ ಬಂದು ಶ್ಯಾಣ್ಯಾ ಆಗೋತನಾ ಇಲ್ಲೇ ಇರೋಣು ಅಂತ ನಮ್ಮಪ್ಪ ಅಂದಾನ."

ವರಾಂಡದ ಈ ತುದಿಯಲ್ಲಿ ದೇವಿದಾಸ, ಆ ತುದಿಯಲ್ಲಿ ಅಶೋಕಕುಮಾರ. ಪೂನಂ ಟೀಚರ್ ಹೊರಳಿ ಗೋಡೆಯ ನಕ್ಷೆ ನೋಡತೊಡಗಿದಳು. ಅವಳ ಭುಜ ಕುಲುಕುತ್ತಿತ್ತು. ದೇವಿದಾಸನ ಕಣ್ಣು ಮೆಲ್ಲಗೆ ಚಂದಮ್ಮನ ಮೇಲೆ ಬಂದು ನಿಂತಿತು.

"ಕಾಕಿ, ನೀ ಅವತ್ತ ನನಗ..."

"ನಾ ಯಾರ ಹೆಸರರ ತಗೊಂಡೀನೇನಪ್ಪಾ ಮೆಂಬರ್ರ?" ಎಂದಳು ಚಂದಮ್ಮ, ಎಳೆಗೂಸಿನ ಮುಖ ಮಾಡಿ.

ಸಾಹೇಬರಿಗೆ ಅರ್ಧ ಅರ್ಥವಾಗಿತ್ತು, ಅರ್ಧಕ್ಕೆ ನಗು ಬಂದಿತ್ತು. ನಗುವನ್ನು ತಡೆದುಕೊಂಡು ಕೇಳಿದರು. "ಅದೆಲ್ಲಾ ನಂಗ ಬ್ಯಾಡ. ಈ ಹುಡುಗಿ ನಾಳಿಂದ ಹೊಂಟು ಹೋದ್ರ ನಾ ಬರಕೊಂಡದ್ದು ಸುಳ್ಳಾಗ್ತದ. ಮಾರ್ಚದಾಗ ಮತ್ತ ಬರ್ತೀನಿ. ಕುರಿ ಎಲ್ಲಿ ತನಾ ಊರಾಗ ಇರ್ತಾವ, ಯಾರರ ಹೇಳ್ರಿ."

ದೇವಿದಾಸನಿಗೆ ಇದ್ದದ್ದು ಎರಡೇ ದಾರಿ. ಇಂದೇ ಹೊರಡಲಿ ಎಂದರೆ, ಕುರಿ ಹಿಡಿದದ್ದು ಹುಚ್ಚು ಹಟಕ್ಕೆ, ಒಬ್ಬ ಅಡುಗೆಯವಳ ನಿಟ್ಟುಸಿರಿಗೆ ಬಿದ್ದು ಎಂದು ಊರೆದುರು ಒಪ್ಪಿಕೊಂಡಂತೆ. ಅದೂ ಆ ತುದಿಯಲ್ಲಿ ಅಶೋಕಕುಮಾರ ಕಿವಿ ನಿಮಿರಿಸಿ ನಿಂತಿರುವಾಗ. ಅವನು ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಂಡ.

"ಜಗಳಾ ಎಲ್ಲಿದ್ರಿ ಸಾಹೇಬ್ರ? ಶಾಲಿ ಹುಡುಗಿ ಕಲೀಲಿ ಅಂತ ನಾನೇ ಕುರಿ ನಿಂದರಿಸೀನಿ. ಪರೀಕ್ಷಿ ಮುಗಿಯೋ ತನಾ ಇರ್ತಾವ. ಜೋಳಾ ನಂದು."

"ತುಪ್ಪಾ ನಂದು!" ಎಂದ ಆ ತುದಿಯಿಂದ ಅಶೋಕಕುಮಾರ. "ಶಾಲಿ ಸಲವಾಗಿ ನಾ ಮೊದಲೇ ಮಾಡೀನ್ರಿ. ಬೇಕಾದ್ರ ಅಮೋಘಸಿದ್ದಪ್ಪಗ ಕೇಳ್ರಿ!"

"ಭಾಳ ಛಲೋ ಆತು," ಎಂದು ಸಾಹೇಬರು ಸಾಕ್ಷಿಯ ಕಡೆ ಬೆರಳು ತೋರಿಸಿದರು. "ಇಪ್ಪತ್ತಾರು." ಮರಿಗಳ ಜೊತೆ ಅವಳದೊಂದು ಫೋಟೊ ತೆಗೆದುಕೊಂಡು, ಬೇಳೆಯ ರುಚಿ ನೋಡಿದರು. "ಉಪ್ಪು ಜರಾ ಹೆಚ್ಚಾಗ್ಯದ."

ಇಬ್ಬರು ಹೆಂಗಸರೂ ಒಟ್ಟಿಗೆ ಕೈಯೆತ್ತಿ ಒಬ್ಬರನ್ನೊಬ್ಬರು ತೋರಿಸಿದರು.

ಎಲ್ಲರೂ ಹೋದ ಮೇಲೆ ದೊಡ್ಡ ಬೋಗಾಣಿಯನ್ನು ಆಚೆ ಕಿವಿ ಒಬ್ಬಳು, ಈಚೆ ಕಿವಿ ಒಬ್ಬಳು ಹಿಡಿದು ನಲ್ಲಿಯ ಬಳಿ ತಂದರು. ಚಂದಮ್ಮ ಬೂದಿ ಹಾಕಿ ತಿಕ್ಕುತ್ತ, ತನ್ನ ಚಾಣಾಕ್ಷತನವನ್ನು ಯಾರಿಗೂ ಹೇಳಿಕೊಳ್ಳಲಾಗದೆ ಹೊಟ್ಟೆ ಉಬ್ಬಿ ಕೂತಿದ್ದಳು.

"ನಂಗೊಂದೇ ತಿಳೀವಲ್ದು ಆಪಾ. ದೇವಿದಾಸಗ ನಾ ಹೇಳಿದ್ದು ಮಧ್ಯಾಹ್ನದಾಗ. ಅಶೋಕಕುಮಾರಗ ಮುಂಜಾನೆನೇ ಯಾರು ಹೇಳಿದ್ರು?"

ವಜೀರಬಿ ಬೋಗಾಣಿಗೆ ನೀರು ಸುರಿದಳು. "ಅವನ ಬೇಲಿ ಮುಳ್ಳು ಭಾಳ ಕೆಟ್ಟದಾವ ಅಕ್ಕಾ. ನನ್ನ ಹೊಸಾ ಸೀರಿ ಹರದು ಹೋತು."

ಚಂದಮ್ಮನ ತಿಕ್ಕುವ ಕೈ ನಿಂತಿತು. ಹಳ್ಳದ ದಂಡೆಯಲ್ಲಿ ‘ನೀವೂ ಬಂದ್ರ್ಯಾ’ ಎಂದು ಅಮೋಘಸಿದ್ದಪ್ಪ ಹಲ್ಲು ಬಿಟ್ಟದ್ದು ಈಗ ನೆನಪಾಯಿತು.

"ಅಂದ್ರ ನೀ ನನಗಿಂತ ಮೊದಲ ಹಳ್ಳಕ್ಕ ಹೋಗಿದ್ದಿ! ನನ್ನ ಸಲವಾಗೇನು?"

"ನಿನ್ನ ಸಲವಾಗಿ ನಾ ಯಾಕ ಹೋಗ್ಲಿ? ನೀ ಹೋದ್ರ ಈ ಬೋಗಾಣಿ ಆಚಿ ಕಿವಿ ಯಾರ ಹಿಡೀತಾರ?"

"ನಂಗೂ ಅದೇ ಚಿಂತಿ ಇತ್ತು," ಎಂದಳು ಚಂದಮ್ಮ ಬಿಗಿಯಾಗಿ. "ಬೋಗಾಣಿದು."

ಗೇಟಿನ ಹೊರಗೆ ಹಳದಿ ವ್ಯಾನು ಬಂದು ನಿಂತಿತು. ದೇವಿದಾಸನ ಮನೆಯ ಮೂವರು, ಅಶೋಕಕುಮಾರನ ಮೊಮ್ಮಗ ಒಬ್ಬ, ಟೈ ಸಡಿಲಿಸುತ್ತ ಇಳಿದು ಸಾಕ್ಷಿಯ ಮರಿಗಳನ್ನು ನೋಡಲು ಶಾಲೆಯ ಅಂಗಳದೊಳಗೆ ಓಡಿ ಬಂದರು. ಇಬ್ಬರು ಹೆಂಗಸರೂ ತಿಕ್ಕುವುದನ್ನು ಬಿಟ್ಟು ಆ ಮಕ್ಕಳನ್ನು ಬಹಳ ಹೊತ್ತು ನೋಡಿದರು.

"ನಾಕು," ಎಂದಳು ಚಂದಮ್ಮ.

"ಹೌದು, ನಾಕು," ಎಂದಳು ವಜೀರಬಿ. "ಅಶೋಕಕುಮಾರ ಮೊಮ್ಮಗನ ಹೆಸರು ಮುಂದಿನ ವರ್ಷ ಇಲ್ಲೇ ಹಚ್ಚಸ್ತಾನಂತ, ಮೆಂಬರಗ ಇನ್ನ ಗೊತ್ತಿಲ್ಲ ಪಾಪ."

"ಯಾರಂದ್ರು ನಿಂಗ?"

"ಯಾರೂ ಅಂದಿಲ್ಲ ಇನ್ನ." ವಜೀರಬಿ ಸೆರಗಿನ ಹರಿದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಈ ಸಲ ಬೇಲಿ ಕಡೆ ನೀ ಹೋಗು ಅಕ್ಕಾ. ಮಜ್ಜಿಗಿ ಮನಿಗಿ ನಾ ಹೋಗ್ತೀನಿ."